ಸಿದ್ದಮ್ಮನ ಚಂದ್ರಿಕೆಯೂ ನನ್ನ ಕಲಾಸೇವೆಯೂ

ಕಸದಿಂದ ಕಲೆ ತೆಗೆಯುವ ಮಹಾಪುರುಷನೊಬ್ಬ ನಮ್ಮ ಕನಕಪುರದ ಕಡೆ ಹುಟ್ಟಲೇಬೇಕಾಗಿತ್ತು. ಹುಟ್ಟಿದ್ದ ಕೂಡ. ಆದರೆ ಆ ಮಹಾಪುರುಷ ತಾನೇ ಎಂಬುದು ಅವನಿಗೆ ಅರವತ್ತು ದಾಟುವವರೆಗೂ ಗೊತ್ತಾಗಿರಲಿಲ್ಲ!

ಗೊತ್ತಾದದ್ದು ಚನ್ನಪಟ್ಟಣದ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ. ನೆಂಟರ ಮಗುವಿನ ನಾಮಕರಣಕ್ಕೆ ಒಂದು ಮರದ ಗಿಲಕಿ ತರಲು ಹೋಗಿದ್ದೆ. ಅಲ್ಲಿ ಒಂದು ಹಳೇ ಮೊರವನ್ನು ಬೋರಲು ಹಾಕಿ, ನಡುವೆ ತೂತು ಕೊರೆದು, ಒಂದು ಬಲ್ಬು ಇಳಿಬಿಟ್ಟಿದ್ದರು. ಬೆಂಗಳೂರಿನ ಕಾರಿನವರೊಬ್ಬರು ಅದನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಅವರು ಕೊಟ್ಟ ಬೆಲೆಗೆ ನಮ್ಮೂರಲ್ಲಿ ಒಂದು ಕುರಿ ಬರುತ್ತದೆ, ಅದರ ಹಿಂದೆ ಮರಿಯೂ ಬರುತ್ತದೆ. ನನ್ನ ಮೈಯಲ್ಲಿ ವಿಶ್ವಕರ್ಮ ಆವಾಹನೆಯಾದ. ಕನಕಪುರ ರಸ್ತೆಯ ಬಸ್ಸುಗಳಲ್ಲಿ ಆಯುಷ್ಯವೆಲ್ಲ ಟಿಕೆಟ್ ಹರಿದ ಕಂಡಕ್ಟರ್ ಮಂಚಯ್ಯ ಅಂಗಡಿಯೊಳಗೆ ಹೋಗಿದ್ದ. ಹೊರಗೆ ಬಂದವನು ಕಲಾವಿದ ಮಂಚಯ್ಯ. ಗಿಲಕಿ ತರುವುದು ಮರೆತೇಹೋಯಿತು.

ಮನೆಗೆ ಬಂದವನೇ ಹೆಂಡತಿ ಸರಸಮ್ಮನ ಎದುರು ಘೋಷಿಸಿದೆ. “ನೋಡ್ತಾ ಇರು ಸರಸು. ಬರೋ ದೀಪಾವಳಿ ಹೊತ್ಗೆ ನಮ್ಮನೆ ಮುಂದೆ ಬೆಂಗಳೂರು ಕಾರು ಸಾಲಾಗಿ ನಿಂತಿರ್ತವೆ.”

“ನಿಲ್ಲಲಿ ಬಿಡಿ. ಅದಕ್ಕೂ ಮುಂಚೆ ಬಚ್ಚಲ ನಲ್ಲಿಗೊಂದು ವಾಷರ್ ಹಾಕಿ. ಯುಗಾದಿಯಿಂದ ತೊಟ್ಟಿಕ್ತಾ ಐತೆ.”

ಮಹಾಪುರುಷರ ಹೆಂಡತಿಯರು ಹೀಗೆಯೇ ಮಾತಾಡುತ್ತಾರೆ.

ಸರಸಮ್ಮನಿಗೆ ಆಗ ಕಲೆಯ ಕಡೆ ನೋಡಲು ಪುರಸೊತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಅವಳ ರೇಷ್ಮೆ ಹುಳ ಎರಡನೇ ಜ್ವರ ಎದ್ದಿದ್ದವು. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದರೆ ಹುಳ ಗೂಡಿಗೆ ಬಂದಂತೆ. ಹಿಂದಿನ ಬೆಳೆ ಪೂರ್ತಿ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಹುಳಗಳು ಸೀಮೆಸುಣ್ಣದ ಕಡ್ಡಿಗಳಂತೆ ಬಿಗಿದುಕೊಂಡು ಸತ್ತಾಗ ಅವಳು ಎರಡು ದಿನ ಒಲೆ ಹಚ್ಚಿರಲಿಲ್ಲ. “ಸರಸಮ್ಮಂಗೆ ವಯಸ್ಸಾಯ್ತು, ಇನ್ ಹುಳದ ಸಾವಾಸ ಬುಟ್ಬುಡಾದು ಒಳ್ಳೇದು” ಅಂತ ಬೀದಿಯಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಅದಕ್ಕೇ ಈ ಬೆಳೆ ಅವಳಿಗೆ ಬರೀ ಬೆಳೆಯಲ್ಲ. ಅದು ಬೀದಿಗೆ ಕೊಡಬೇಕಾದ ಉತ್ತರ. ಹುಳದ ಮನೆಗೆ ನನಗಂತೂ ಪ್ರವೇಶವೇ ಇಲ್ಲ. ನನ್ನ ಬೀಡಿಯ ವಾಸನೆಗೆ ಹುಳ ತಲೆ ಸುತ್ತಿ ಬೀಳುತ್ತವಂತೆ. ಇಷ್ಟು ವರ್ಷ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಯಾರೂ ಬಿದ್ದಿರಲಿಲ್ಲ.

ನನ್ನ ಕಲಾಯಾತ್ರೆ ಮುಕ್ತಿಯಾರನ ಗುಜರಿ ಅಂಗಡಿಯಿಂದ ಶುರುವಾಯಿತು. ಒಂದು ಸೈಕಲ್ ಚಕ್ರ, ಮುಚ್ಚಳ ಕಳೆದುಕೊಂಡ ಕುಕ್ಕರು, ಬೊಂಬೆ ಕಾರ್ಖಾನೆಯವರು ಎಸೆದ ಮೊಳೆಯಿಲ್ಲದ ಬುಗುರಿಗಳು, ಲಾರಿಗಳಿಗೆ ಬಳಿದು ಉಳಿದ ಡಬ್ಬಿಗಟ್ಟಲೆ ಬಣ್ಣ, ಇವೆಲ್ಲ ನನ್ನ ಮೊದಲ ಬಂಡವಾಳ. ಸೈಕಲ್ ಚಕ್ರದಿಂದ ಗೋಡೆ ಗಡಿಯಾರ ಮಾಡಿದೆ. ಮುಳ್ಳು ತಿರುಗುವ ಬದಲು ಚಕ್ರವೇ ತಿರುಗಿ, ಮೊಳೆ ಸಮೇತ ಕಿತ್ತುಕೊಂಡು, ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಹುಂಜದ ಬೆನ್ನು ಹತ್ತಿತು. ಆ ಹುಂಜ ಇವತ್ತಿಗೂ ಸೈಕಲ್ ಕಂಡರೆ ಮರ ಹತ್ತುತ್ತದೆ. ಕುಕ್ಕರಿಗೆ ಬುಗುರಿಗಳ ತೋರಣ ಕಟ್ಟಿ, ಒಳಗೆ ಬಲ್ಬು ಇಟ್ಟು, ಸ್ವಿಚ್ ಒತ್ತಿದೆ. ಹೊಡೆದ ಶಾಕಿಗೆ ನನ್ನ ಹಿಂದಿನ ಮೂರು ಜನ್ಮ ಒಟ್ಟಿಗೆ ನೆನಪಾದವು. ಮೂರರಲ್ಲೂ ನನಗೆ ಇದೇ ಹೆಂಡತಿ! ಮನೆಯ ಫ್ಯೂಸು ಹೋಯಿತು, ಹುಳದ ಮನೆಗೆ ಕತ್ತಲಾಯಿತು.

ಸರಸಮ್ಮ ಬಾಗಿಲಲ್ಲಿ ನಿಂತು ಬಹಳ ತಣ್ಣಗೆ ಹೇಳಿದಳು. “ನಿಮ್ ಕೆಲ್ಸ ಏನಿದ್ರೂ ಹಿತ್ತಲ ಕೊಟ್ಟಿಗೇಲಿ ಮಾಡ್ಕೊಳ್ಳಿ. ನನ್ ಹುಳದ್ ತಂಟೆಗೆ ಮಾತ್ರ ಬರ್ಬೇಡಿ. ಇದೊಂದ್ ಬೆಳೆ ಕೈಗ್ ಹತ್ಲಿ.”

ಬರುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮಾತನ್ನು ನಾನು ಎಷ್ಟು ಅಕ್ಷರಶಃ ಪಾಲಿಸಿದೆನೆಂದರೆ, ಹುಳದ ವಿಷಯಕ್ಕೆ ಅವಳು ಏನೇ ಹೇಳಿದರೂ ಕೇಳಿಸಿಕೊಳ್ಳುವುದನ್ನೇ ಬಿಟ್ಟೆ. “ಹೂಂ” ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಸೋತ ಕಲಾವಿದನಿಗೆ ದಾರಿ ತೋರಿಸಿದವನೂ ಮುಕ್ತಿಯಾರನೇ. ಕುಕ್ಕರನ್ನು ವಾಪಸು ತೂಕಕ್ಕೆ ಹಾಕುತ್ತಾ ಅಂದ, “ಬಿದಿರಿಂದು ಏನಾರ ಮಾಡಿ ಕಂಡಕ್ಟರ್ ಸಾಬ್. ಬಿದಿರು ಶಾಕ್ ಹೊಡ್ಯಾಕಿಲ್ಲ.”

ಬಿದಿರು! ಅದೇ ಧ್ಯಾನದಲ್ಲಿ ಮನೆಗೆ ಬರುವಾಗ ನಮ್ಮ ಬೀದಿಯ ಕೊನೆಯ ಸಿದ್ದಮ್ಮನ ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ ಒಂದಟ್ಟಿ ಚಂದ್ರಿಕೆ ಕಣ್ಣಿಗೆ ಬಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಂದ್ರಿಕೆ ಅಂದರೆ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಬಾಗಿಲಗಲದ ಒಂದು ಬಿದಿರ ಚಾಪೆ, ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ದೊಡ್ಡ ಚಕ್ಕುಲಿಯಂತೆ ಸುತ್ತಿ ನಿಲ್ಲಿಸಿರುತ್ತಾರೆ. ಸುತ್ತಿನ ಸಂದಿಯಲ್ಲಿ ಹುಳ ಕೂತು ಗೂಡು ನೇಯುತ್ತದೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಬೇಕಾದಷ್ಟು ಇರುವುದಿಲ್ಲ. ಯಾರ ಹುಳ ಹಣ್ಣಾಗುತ್ತದೋ ಅವರ ಮನೆಗೆ ಇದ್ದವರ ಮನೆಯಿಂದ ಹೋಗುತ್ತದೆ, ಕೆಲಸ ಮುಗಿದ ಮೇಲೆ ತೊಳೆದು ಒಣಗಿಸಿ ವಾಪಸು ಬರುತ್ತದೆ. ಇದು ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಚಂದ್ರಿಕೆಯಲ್ಲ, ದೀಪಸ್ತಂಭ! ಪ್ಲಾಸ್ಟಿಕ್ಕಿನವು ಬಂದಮೇಲೆ ಈ ಹಳೇ ಬಿದಿರನ್ನು ಬಿಸಾಡಿದ್ದಾರೆ ಅಂತ ನಾನೇ ತೀರ್ಮಾನಿಸಿದೆ.

ಸಿದ್ದಮ್ಮ ಮನೆಯಲ್ಲಿರಲಿಲ್ಲ, ಮಗ ಬೈರೇಶ ಜಗುಲಿಯ ಮೇಲೆ ಮೊಬೈಲು ನೋಡುತ್ತಾ ಮಲಗಿದ್ದ. ಈ ಚಂದ್ರಿಕೆ ಒಯ್ಯಲಾ ಎಂದೆ. ನಿಮ್ಮ ಮನೆಗೇ ತಾನೆ, ಒಯ್ಯಿರಿ ಎಂದ. ಎಷ್ಟು ಕೊಡಲಿ ಎಂದೆ. ನಿಮ್ಮಿಷ್ಟ ಎಂದ. ನಾನು ಒಂದು ಬೆಲೆ ಹೇಳಿದೆ. ಅವನು ಎದ್ದು ಕೂತ. ಚೌಕಾಸಿಯ ಮಾತೇ ಇಲ್ಲದೆ ದುಡ್ಡು ಎಣಿಸಿಕೊಂಡು, ಮೊಬೈಲು ಬಿಟ್ಟು, ತಾನೇ ಅಟ್ಟಿಯನ್ನು ತಲೆಮೇಲೆ ಹೊತ್ತು ನಮ್ಮ ಕೊಟ್ಟಿಗೆಗೆ ತಂದಿಳಿಸಿದ. ಬೈರೇಶ ತಾನಾಗಿ ಕೆಲಸ ಮಾಡಿದ್ದನ್ನು ಊರು ಅವತ್ತೇ ಮೊದಲು ನೋಡಿದ್ದು. ಅಷ್ಟರಲ್ಲಾದರೂ ನನಗೆ ಅನುಮಾನ ಬರಬೇಕಿತ್ತು.

ಮುಂದೆ ಕೊಟ್ಟಿಗೆಯಲ್ಲಿ ನಡೆದದ್ದನ್ನು ಕಲೆ ಅನ್ನಬೇಕೋ ಕಾಳಗ ಅನ್ನಬೇಕೋ ತಿಳಿಯದು. ಮೊದಲ ಚಂದ್ರಿಕೆಯ ಒಂದು ಗಂಟು ಕತ್ತರಿಸಿದ್ದೇ ತಡ, ಸುತ್ತಿ ಕೂತಿದ್ದ ಪಟ್ಟಿ ಅಷ್ಟೂ ವರ್ಷದ ಸಿಟ್ಟನ್ನು ಒಂದೇ ಏಟಿಗೆ ತೀರಿಸಿಕೊಂಡಿತು. ಸುರುಳಿ ಬಿಚ್ಚಿ ರಪ್ಪನೆ ಕೆನ್ನೆಗೆ ಬಾರಿಸಿ, ಕಿಟಕಿಯಿಂದ ಹೊರಗೆ ಹಾರಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತು ಗಡಗಡ ನಡುಗಿತು. ನಾನೂ ನಡುಗಿದೆ. ಎರಡನೆಯದನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಕತ್ತರಿಸಿದೆ. ಅದು ನನ್ನನ್ನೇ ಸುತ್ತಿಕೊಂಡಿತು. ಸುಮಾರು ಹೊತ್ತು ನಾನೇ ಒಂದು ಗೂಡಾಗಿ ಬಿದ್ದಿದ್ದೆ. ಹೀಗೆ ದಿನಗಟ್ಟಲೆ ಗುದ್ದಾಡಿ ಕೊನೆಗೂ ಎಲ್ಲವನ್ನೂ ಪಳಗಿಸಿದೆ. ಒಂದಷ್ಟು ತೂಗುದೀಪ ಆದವು, ಒಂದಷ್ಟು ಪರದೆ, ಮಿಕ್ಕದ್ದು ಗೋಡೆಗೆ ಹಾಕುವ ಸೂರ್ಯ. ಎಲ್ಲಕ್ಕೂ ಮುಕ್ತಿಯಾರನ ಲಾರಿ ಬಣ್ಣ: ಕುಂಕುಮ ಕೆಂಪು ಮತ್ತು ನವಿಲು ನೀಲಿ.

ಕೆಂಪು ಒಣಗಿತು. ನೀಲಿ ಒಣಗಲಿಲ್ಲ. ಆ ನೀಲಿ ಯಾವ ಲಾರಿಗೆ ಬಳಿದಿದ್ದೋ, ಆ ಲಾರಿ ಈಗಲೂ ಮುಟ್ಟಿದವರಿಗೆಲ್ಲ ಅಂಟುತ್ತಾ ಓಡಾಡುತ್ತಿರಬೇಕು. ನನ್ನ ಎರಡೂ ಅಂಗೈ ನವಿಲಾದವು. ಸೋಪಿಗೆ ಹೋಗಲಿಲ್ಲ, ಸೀಗೆಪುಡಿಗೆ ಹೋಗಲಿಲ್ಲ. ಆ ದಿನಗಳಲ್ಲಿ ಸರಸಮ್ಮ ನನ್ನ ಕೈ ನೋಡುವ ಸ್ಥಿತಿಯಲ್ಲೇ ಇರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ ಬಕಾಸುರನ ಮಕ್ಕಳ ಹಾಗೆ ಸೊಪ್ಪು ತಿನ್ನುತ್ತಿದ್ದವು. ಅವಳು ಹಗಲಿಗೂ ರಾತ್ರಿಗೂ ವ್ಯತ್ಯಾಸವಿಲ್ಲದೆ ಸೊಪ್ಪು ಹೊತ್ತು ತಂದು ಹಾಕುತ್ತಿದ್ದಳು. ಊಟಕ್ಕೆ ಕೂತಾಗ ಚಂದ್ರಿಕೆಯ ಬಗ್ಗೆ ಏನೋ ಹೇಳಿದಳು. ನಾನು “ಹೂಂ” ಎಂದೆ.

ಒಂದು ಬೆಳಗ್ಗೆ ಅವಳು ಹುಳದ ಮನೆಯಿಂದ ಆಚೆ ಬಂದಳು. ಮುಖದಲ್ಲಿ ನಮ್ಮ ಮದುವೆಯ ದಿನ ಇದ್ದಷ್ಟು ಬೆಳಕು. ಮದುವೆಯ ದಿನಕ್ಕಿಂತ ಒಸಿ ಜಾಸ್ತಿಯೇ ಅನ್ನಿ.

“ಹಣ್ಣಾದ್ವು” ಅಂದಳು. “ಒಂದ್ ಹುಳಾನೂ ಕೆಟ್ಟಿಲ್ಲ. ಒಂದೇ ಸಮ ಹಣ್ಣಾಗವೆ. ಬೇಗ ಹೋಗಿ ಸಿದ್ದಕ್ಕನ ಮನೆಯಿಂದ ಚಂದ್ರಿಕೆ ಹೊತ್ಕೊಂಡ್ ಬನ್ನಿ. ಅವತ್ತೇ ಹೇಳಿದ್ನಲ್ಲ, ಅವ್ರು ಈ ಸಲ ಹುಳ ತಂದಿಲ್ಲ, ಅಷ್ಟನ್ನೂ ನಮಗೇ ಅಂತ ಮಡಗವ್ರೆ.”

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಆದರೂ ಮನುಷ್ಯನಿಗೆ ಆಸೆ ದೊಡ್ಡದು. ಸಿದ್ದಮ್ಮನ ಮನೆಯಲ್ಲಿ ಇನ್ನೊಂದು ಅಟ್ಟಿ ಇದ್ದೇ ಇರುತ್ತದೆ ಎಂದುಕೊಂಡು ಓಡಿದೆ. ಬೈರೇಶ ಅದೇ ಜಗುಲಿಯ ಮೇಲೆ, ಅದೇ ಭಂಗಿಯಲ್ಲಿ ಇದ್ದ. ಇನ್ನೊಂದಟ್ಟಿ ಚಂದ್ರಿಕೆ ಕೊಡು ಎಂದೆ.

“ಇನ್ನೊಂದಟ್ಟಿ ಎಲ್ಲಣ್ಣ ಐತೆ? ಇದ್ದಿದ್ನೆಲ್ಲ ಅವತ್ತೇ ನಿಮ್ಮನೇಗೆ ಹೊತ್ಕೊಂಡ್ ಬಂದು ಹಾಕಿದ್ನಲ್ಲ.”

“ಅದನ್ನ ನಾನು ಕೊಂಡ್ಕೊಂಡೆ ಕಣ್ಲಾ!”

“ಚಂದ್ರಿಕೆ ಯಾರ್ ಮಾರ್ತಾರಣ್ಣ? ಸರಸಕ್ಕಂಗೆ ಕೊಟ್ಬುಡು ಅಂತ ನಮ್ಮವ್ವ ಹೇಳಿತ್ತು. ನೀವ್ ಕೊಟ್ಟಿದ್ದು ಬಾಡಿಗೆ ಅಂದ್ಕಂಡೆ. ಕೇಳ್ದೆ ಅಷ್ಟೊಂದ್ ಕೊಟ್ರಲ್ಲ, ದೊಡ್ ಮನ್ಸ ಅಂದ್ಕಂಡೆ.”

ದೊಡ್ಡ ಮನುಷ್ಯ ಅಲ್ಲೇ ಜಗುಲಿಯ ಅಂಚಿಗೆ ಕೂತ. ನನ್ನ ಹೆಂಡತಿಗಾಗಿ ಕಾದಿಟ್ಟಿದ್ದ ಚಂದ್ರಿಕೆಯನ್ನು, ಬಾಡಿಗೆಗಿಂತ ಹೆಚ್ಚು ದುಡ್ಡು ಕೊಟ್ಟು, ನಾನೇ ಮನೆಗೆ ತಂದು, ನಾನೇ ಕತ್ತರಿಸಿ, ನಾನೇ ನೀಲಿ ಬಳಿದಿದ್ದೆ! ಶತ್ರುಗಳಿರುವವರು ಪುಣ್ಯವಂತರು, ಅವರು ಇಂಥದ್ದನ್ನೆಲ್ಲ ಸ್ವಂತ ಕೈಯಿಂದ ಮಾಡಿಕೊಳ್ಳಬೇಕಾಗಿಲ್ಲ.

ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಸಂದಿ ಸಿಗದಿದ್ದರೆ ಸೊಪ್ಪಿನ ಕಸದಲ್ಲೇ, ಒಂದರ ಮೇಲೊಂದು ಬಿದ್ದು ನೂಲು ಉಗುಳಿಬಿಡುತ್ತದೆ. ಆಮೇಲೆ ಅದು ಗೂಡಲ್ಲ, ಕಸ. ಇದೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ? ಸುಳ್ಳು ಹೇಳಿದೆ. ಬೈರೇಶ ಮನೆಯಲ್ಲಿಲ್ಲ, ಬಂದಮೇಲೆ ತರುತ್ತಾನೆ ಎಂದು ಹುಳದ ಮನೆಯ ಬಾಗಿಲಿಗೆ ಕೂಗಿ ಹೇಳಿ, ಹಿತ್ತಲ ಕೊಟ್ಟಿಗೆಗೆ ನುಗ್ಗಿದೆ. ಬಣ್ಣ ಅಳಿಸಿ, ಸೂರ್ಯನನ್ನೂ ದೀಪಗಳನ್ನೂ ಮತ್ತೆ ಚಂದ್ರಿಕೆ ಮಾಡಿಬಿಡುತ್ತೇನೆ ಎಂಬುದು ನನ್ನ ಯೋಜನೆ. ಮುಕ್ತಿಯಾರ ಬಣ್ಣದ ಜೊತೆ ಕೊಟ್ಟಿದ್ದ ಥಿನ್ನರನ್ನು ಡಬ್ಬಿಯ ತುಂಬ ಸುರಿದು ಉಜ್ಜತೊಡಗಿದೆ. ನೀಲಿ ಹೋಗಿ ಕೆಂಪಿಗೆ ಸೇರಿತು, ಕೆಂಪು ಹೋಗಿ ನನ್ನ ಪಂಚೆಗೆ ಸೇರಿತು, ವಾಸನೆ ಮಾತ್ರ ನೇರವಾಗಿ ಹುಳದ ಮನೆಯ ಕಡೆ ಹೊರಟಿತು.

ನನ್ನ ಬೀಡಿಯನ್ನೇ ಮೂರು ಬೀದಿ ಆಚೆಯಿಂದ ಗುರುತಿಸುವ ಮೂಗು ಅವಳದು. ಓಡಿ ಬಂದಳು. ಬಾಗಿಲಲ್ಲಿ ನಿಂತಳು. ತೂಗಾಡುತ್ತಿದ್ದ ದೀಪಗಳನ್ನು ನೋಡಿದಳು, ಸೂರ್ಯನನ್ನು ನೋಡಿದಳು, ಕೊನೆಗೆ ನನ್ನ ಅಂಗೈ ನೋಡಿದಳು.

“ಇದು ಸಿದ್ದಕ್ಕನ ಚಂದ್ರಿಕೆ ಅಲ್ವಾ?”

“ಆಗಿತ್ತು.”

“ಈಗೇನು?”

“ಈಗ… ದೀಪ.”

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಬೈಗುಳಕ್ಕೆ ಹೆದರುವವನಲ್ಲ. ಹಬ್ಬದ ದಿನ ತುಂಬಿದ ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಅಂದವನು ನಾನು. ಅವಳು ಬೈಯಲಿಲ್ಲ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. ಅದು ಬೆವರೋ ಇನ್ನೇನೋ, ನೋಡುವ ಧೈರ್ಯ ನನಗಾಗಲಿಲ್ಲ. ಹುಳದ ಮನೆಯ ಈಚೆ ಕಿಟಕಿಗೆ ಗೋಣಿ ಮುಚ್ಚಿ, ತಿರುಗಿ ಹೇಳಿದಳು.

“ಹೋಗಿ. ಒಂದೊಂದ್ ಮನೆ ಬಾಗಿಲಿಗೂ ಹೋಗಿ ಒಂದೊಂದ್ ಚಂದ್ರಿಕೆ ಕೇಳಿ. ಏನಾಯ್ತು ಅಂತ ನಿಜಾನೇ ಹೇಳಿ. ನೀವು ಸುಳ್ ಕಟ್ಟೋ ಹೊತ್ಗೆ ಹುಳ ಕಾಯಾಕಿಲ್ಲ.”

ಇದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಎಷ್ಟೋ ಮೇಲಿತ್ತು! ಇಡೀ ಬೀದಿ ಚಾಕಿ ಹುಳ, ಅಂದರೆ ಸಾಕಲು ಕೊಳ್ಳುವ ಮರಿಹುಳ, ತಂದದ್ದು ಒಂದೇ ದಿನ, ಹಾಗಾಗಿ ಇಡೀ ಬೀದಿಯ ಹುಳ ಹಣ್ಣಾಗುತ್ತಿದ್ದುದೂ ಅದೇ ಹೊತ್ತಿಗೆ. ಮದುವೆ ದಿನ ಮದುವಣಗಿತ್ತಿಯ ಹತ್ತಿರ ಸೀರೆ ಸಾಲ ಕೇಳಿದಂತೆ ನನ್ನ ಪಾಡು. ಮೊದಲ ಮನೆ ಕೆಂಪರಾಜುವಿನದು. ಹಿಂದೊಮ್ಮೆ ಚಿಲ್ಲರೆ ಇಲ್ಲದ್ದಕ್ಕೆ ಅವನನ್ನು ಹಾರೋಹಳ್ಳಿಯಲ್ಲಿ ಬಸ್ಸಿನಿಂದ ಇಳಿಸಿದ್ದೆ. ನನಗೆ ಮರೆತಿತ್ತು. ಅವನಿಗೆ ಮರೆತಿರಲಿಲ್ಲ. ನನ್ನ ಕಥೆಯನ್ನು ಪೂರ್ತಿ ಕೇಳಿದ. ತನ್ನ ಹೆಂಡತಿಯನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಪಕ್ಕದ ಮನೆಯವರು ಬಂದಮೇಲೆ ಮತ್ತೊಂದು ಸಲ. ಎಲ್ಲ ಆದಮೇಲೆ “ಚಂದ್ರಿಕೆ ಇಲ್ಲ, ಇಳೀರಿ” ಅಂದ. ಜಗುಲಿಯಿಂದ ಇಳಿದೆ. ಮೂಲೆ ತಿರುಗುವಷ್ಟರಲ್ಲಿ ಕೂಗಿ ಕರೆದು ಒಂದು ಚಂದ್ರಿಕೆ ಕೊಟ್ಟ.

ಮುಂದಿನ ಮನೆಗಳಲ್ಲಿ ನಾನು ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಸುದ್ದಿ ನನಗಿಂತ ಮುಂದೆ ಹೋಗಿ ಜಗುಲಿಯಲ್ಲಿ ಕೂತಿತ್ತು. ನಾನು ಬಾಗಿಲಿಗೆ ಬಂದರೆ ಒಳಗಿನವರು ಮೊದಲು ನನ್ನ ಕೈ ನೋಡುತ್ತಿದ್ದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡೇ ಚಂದ್ರಿಕೆ ಎತ್ತಿ ಕೊಟ್ಟರು. ಮುನಿಯಮ್ಮನ ಮನೆಯಲ್ಲಿ ಇದ್ದವೆಲ್ಲ ತುಂಬಿಹೋಗಿ ಒಂದೇ ಖಾಲಿ ಉಳಿದಿತ್ತು, ಅವಳ ಮೊರದಲ್ಲಿ ಇನ್ನೂ ಹುಳ ಇದ್ದವು. ಬೇಡ ಬಿಡವ್ವ ಎಂದು ನಾನು ಹೊರಟೆ. ಅವಳು ತನ್ನ ಹುಳವನ್ನು ಒಣಗಿದ ಮಾವಿನ ಕಡ್ಡಿಗಳ ಮೇಲೆ ಬಿಟ್ಟು, ಆ ಚಂದ್ರಿಕೆಯನ್ನು ನನ್ನ ತಲೆಯ ಮೇಲಿಟ್ಟಳು.

“ನಿನ್ ಮಕ ನೋಡಿ ಕೊಡ್ತಿಲ್ಲ ಕಣಪ್ಪ. ಸರಸಿ ನಿದ್ದೆಗೆಟ್ಟಿದ್ ನೋಡಿ ಕೊಡ್ತಾವ್ನಿ.”

ಅವತ್ತು ಚಂದ್ರಿಕೆಗೆ ಇನ್ನೊಂದು ಉಪಯೋಗ ಇದೆಯೆಂದು ಕಂಡುಕೊಂಡೆ. ತಲೆಯ ಮೇಲೆ ಹೊತ್ತರೆ ಮುಖ ಪೂರ್ತಿ ಮುಚ್ಚುತ್ತದೆ. ಆದರೆ ಎರಡೂ ಕಡೆ ಹಿಡಿದ ಬೆರಳು ಆಚೆ ಕಾಣುತ್ತವೆ. ನೀಲಿ ಬೆರಳಿನ ಚಂದ್ರಿಕೆ ಬೀದಿಯಲ್ಲಿ ಹೋಗುತ್ತಿದ್ದರೆ ಮುಖ ನೋಡುವ ಕಷ್ಟ ಯಾರಿಗಿತ್ತು?

ಥಿನ್ನರಿನ ವಾಸನೆ ಹೋಗದ ನನ್ನನ್ನು ಸರಸಮ್ಮ ಅಂಗಳದ ತುದಿಯಲ್ಲೇ ನಿಲ್ಲಿಸಿದಳು. ಕೈ ಬಿಡುವಾದ ಹೆಂಗಸರು ಒಬ್ಬೊಬ್ಬರೇ ಬಂದು ಅವಳ ಜೊತೆ ಹುಳ ಆರಿಸಿ ಬಿಟ್ಟರು. ಹೋಗುವಾಗ ಒಬ್ಬೊಬ್ಬರೂ ಕೊಟ್ಟಿಗೆಯಲ್ಲಿ ಇಣುಕಿ ನನ್ನ ಕಲಾಪ್ರದರ್ಶನ ನೋಡಿಕೊಂಡೇ ಹೋದರು. ಬೆಂಗಳೂರಿನ ಕಾರಿನವರನ್ನು ಬಿಟ್ಟು ಮಿಕ್ಕವರೆಲ್ಲ ಬಂದಿದ್ದರು!

ಬೆಳೆ ಉಳಿಯಿತು. ಪೂರ್ತಿ ಅಲ್ಲ. ಕಾದು ಕಾದು ಸೊಪ್ಪಿನಲ್ಲೇ ಕಟ್ಟಿದವು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು, ಒತ್ತಿದರೆ ಒಳಗೆ ಹೋಗುವ ತೆಳ್ಳನೆಯ ಜಿಲ್ಲಿ ಗೂಡು, ಎಲ್ಲ ಸೇರಿ ಒಂದು ಚೀಲ ಬೇರೆ ಆಯಿತು. ರಾಮನಗರದ ಮಾರುಕಟ್ಟೆಗೆ ಹೋಗುವ ದಿನ ಒಳ್ಳೆ ಗೂಡನ್ನೆಲ್ಲ ಅವಳು ತಾನೇ ಗಾಡಿಗೆ ಹಾಕಿಸಿದಳು. ಆ ಒಂದು ಚೀಲವನ್ನು ನನ್ನ ಕೈಗೆ ಕೊಟ್ಟಳು. “ಇದು ನಿಮ್ಮ ಕೈಕೆಲಸ” ಅಂದಳು, ಅಷ್ಟೇ. ಮಾರುಕಟ್ಟೆಯಲ್ಲಿ ಅವಳ ಗೂಡಿಗೆ ಒಳ್ಳೆ ರೇಟು ಕೂಗಿದರು. ಬೀಡಿ ಸೇದುವ ನೆಪದಲ್ಲಿ ನಾನು ಆಚೆ ಬಂದು, ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಬೀಡಿ ಹಚ್ಚಲಿಲ್ಲ. ಚೀಲ ಹಗುರವಾಗಿತ್ತು, ಆದರೂ ಎತ್ತಿಕೊಂಡು ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಬೀದಿಯ ಎಲ್ಲರ ಚಂದ್ರಿಕೆಗೂ ಹತ್ತಿದ್ದ ನೂಲಿನ ಜೂಲನ್ನು ಸುಟ್ಟು, ಬ್ಲೀಚಿಂಗ್ ನೀರಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಮನೆಮನೆಗೆ ಹೊತ್ತು ಮುಟ್ಟಿಸಿದೆ. ಸಿದ್ದಮ್ಮನದಕ್ಕೆ ಬದಲಾಗಿ ಮಾಗಡಿ ಕಡೆಯ ಮೇದರ ಹತ್ತಿರ ಹೊಸದು ನೇಯಿಸಿ ತಂದೆ. ಕೊಡಲು ಹೋಗುವಾಗ ಸರಸಮ್ಮನೂ ಜೊತೆಗೆ ಬಂದಳು. ಮುಂದಿನ ಬೆಳೆಗೂ ಅವಳಿಗೆ ಚಂದ್ರಿಕೆ ಬೇಕಲ್ಲ, ಹೇಳಿಡಬೇಕಿತ್ತು.

ಸಿದ್ದಮ್ಮ ಹೊಸ ಚಂದ್ರಿಕೆಯನ್ನು ಒಂದೊಂದಾಗಿ ಬಡಿದು, ಬಗ್ಗಿಸಿ, ಮೂಸಿ ನೋಡಿದಳು. ನಾನು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮಗ್ಗಿ ಬಾರದ ಹುಡುಗನ ಹಾಗೆ ನಿಂತಿದ್ದೆ. ಸರಸಮ್ಮ ಮುಂದಿನ ಬೆಳೆಯ ವಿಷಯ ಎತ್ತಿದಳು.

“ಕೊಡಾಕಿಲ್ಲ ಅನ್ನಾಕಿಲ್ಲ ಕಣವ್ವ” ಅಂದಳು ಸಿದ್ದಮ್ಮ. “ಆದ್ರೆ ಈ ಸಲ ನಂಗೂ ಒಸಿ ಭದ್ರ ಬೇಕಲ್ಲ. ಚಂದ್ರಿಕೆ ವಾಪಸ್ ಬರಾಗಂಟ ನಿನ್ ಗಂಡನ್ನ ಇಲ್ಲೇ ಅಡ ಇಟ್ಟೋಗು.”

ಸರಸಮ್ಮ ನನ್ನ ಕಡೆ ನೋಡಿದಳು. ಒಂದು ಗಳಿಗೆ ಯೋಚಿಸಿದಳು.

“ಬ್ಯಾಡ ಸಿದ್ದಕ್ಕ” ಅಂದಳು.

ನನ್ನ ಎದೆ ತುಂಬಿ ಬಂತು. ಎಷ್ಟಾದರೂ ಕೈಹಿಡಿದವಳು!

“ಚಂದ್ರಿಕೆ ತಂದ್ಕೊಟ್ ಮೇಲೆ ನೀನು ಇವ್ರನ್ನ ವಾಪಸ್ ಕೊಟ್ಬುಡ್ತೀಯ.”